ಗುಬ್ಬಿಯ ಮಂಡಿಚಿಪ್ಪು

ಮಾರ್ಚ್ ೪, ಮಂಗಳವಾರ

ಅತ್ತೆಯ ನಾಯಿ ಇವತ್ತು ಮತ್ತೆ ಕುಂಟಾಟ ಆಡಿತು. ಹಾಲ್‌ನಲ್ಲಿ ಆ ತುದಿಯಿಂದ ಈ ತುದಿಗೆ ಓಡಿ ಬರುತ್ತಾ ಇದ್ದದ್ದು, ನಡುವೆ ಒಂದು ಹಿಂಗಾಲನ್ನು ಹೊಟ್ಟೆಗೆ ಮಡಚಿಕೊಂಡು ಮೂರೇ ಕಾಲಲ್ಲಿ ಕುಪ್ಪಳಿಸಿತು. ಆಮೇಲೆ ಆ ಕಾಲನ್ನು ಹಿಂದಕ್ಕೆ ಒಂದು ಸಲ ಝಾಡಿಸಿ, ಏನೂ ಆಗಿಲ್ಲ ಅನ್ನುವ ಹಾಗೆ ನಡೆದುಕೊಂಡು ಹೋಯಿತು. ಅದರ ಹೆಸರು ಗುಬ್ಬಿ. ಹೆಸರಿಟ್ಟದ್ದು ಸಾರ್ಥಕ ಆಯಿತು ಅಂತ ನಾನು ನಕ್ಕೆ.

ಇವಳು, ನನ್ನ ಹೆಂಡತಿ, ನಗಲಿಲ್ಲ. "ರೀ, ಅದಕ್ಕೆ ಎಲ್ಲೋ ನೋವಿದೆ" ಅಂದಳು.

"ಬಿಸ್ಕತ್ತಿಗೆ ಆಡೋ ನಾಟಕ ಅದು" ಅಂದೆ.

ಅತ್ತೆ ರೂಮಿನ ಬಾಗಿಲಲ್ಲೇ ನಿಂತಿದ್ದರು. ಅವರಿದ್ದ ಬಾಡಿಗೆ ಮನೆಯನ್ನು ಅದರ ಮಾಲೀಕರು ಮಾರಿದ ಮೇಲೆ ಇಲ್ಲಿಗೆ ಬಂದಿದ್ದಾರೆ. ಬಂದಾಗಿನಿಂದ ನನ್ನ ಹತ್ತಿರ ಹೆಚ್ಚು ಮಾತಿಲ್ಲ. ತಂದದ್ದು ಒಂದು ಟ್ರಂಕು, ಒಂದು ಕುರ್ಚಿ, ಈ ನಾಯಿ. ಬಿಳೀ ಕೂದಲು, ನನ್ನ ಎರಡು ಅಂಗೈಯೊಳಗೆ ಕೂರುವಷ್ಟು ದೇಹ, ಊರಿಗೆಲ್ಲಾ ಕೇಳುವಷ್ಟು ಗಂಟಲು.

ಮಾರ್ಚ್ ೯, ಭಾನುವಾರ

ಬೆಳಿಗ್ಗೆ ಪೂರಾ ನೆಲಕ್ಕೆ ಮೆರುಗು ಕೊಟ್ಟೆ. ಊರಿನವರ ನೆಲವನ್ನೆಲ್ಲ ಪಾಲಿಶ್ ಮಾಡುವವನ ಮನೆ ನೆಲ ಮಂಕಾಗಿದ್ದರೆ ಯಾರು ಕರೆದಾರು? ನನಗೆ ಬೋರ್ಡೂ ಇಲ್ಲ, ಜಾಹೀರಾತೂ ಇಲ್ಲ. ಗಿರಾಕಿಗಳನ್ನು ಸೀದಾ ಮನೆಗೆ ಕರೆದುಕೊಂಡು ಬಂದು ನಿಲ್ಲಿಸುತ್ತೇನೆ. "ಕೆಳಗೆ ನೋಡಿ ಸಾರ್" ಅನ್ನುತ್ತೇನೆ. ಕೆಳಗೆ ಅವರ ಮುಖವೇ ಅವರಿಗೆ ಕಾಣುತ್ತದೆ. ಅಲ್ಲಿಗೆ ಮಾತು ಮುಗಿಯಿತು.

ಗೋಡೆಯ ಮೇಲೆ ಕೈ ಗುರುತು ಬಿದ್ದಿದೆ. ರೂಮಿನಿಂದ ಅಡುಗೆಮನೆಯವರೆಗೂ ಸೊಂಟದ ಎತ್ತರಕ್ಕೆ ಒಂದು ಮಾಸಲು ಪಟ್ಟಿ. ಅತ್ತೆಗೆ ಗೋಡೆ ಸವರಿಕೊಂಡು ಓಡಾಡುವ ಅಭ್ಯಾಸ. ಇವಳಿಗೆ ಹೇಳೋಣ ಅಂದುಕೊಂಡೆ, ಸುಮ್ಮನಾದೆ. ಒದ್ದೆ ಬಟ್ಟೆಯಲ್ಲಿ ನಾನೇ ಒರೆಸಿದೆ. ನಾನು ಎಂಥ ಸೈರಣೆಯ ಮನುಷ್ಯ ಅಂತ ನನಗೇ ಮೆಚ್ಚುಗೆಯಾಯಿತು.

ಸಂಜೆ ಗುಬ್ಬಿ ಕಿರುಚಿತು. ಮಡಚಿದ ಕಾಲನ್ನು ಬಹಳ ಹೊತ್ತು ಬಿಡಿಸಲಿಲ್ಲ. ನನ್ನ ಬೆನ್ನುನೋವಿನ ಮಾತ್ರೆಯಲ್ಲಿ ಅರ್ಧ ಕೊಡಲೇ ಅಂತ ಕೇಳಿದ್ದಕ್ಕೆ ಇವಳು ನನ್ನನ್ನು ನುಂಗುವ ಹಾಗೆ ನೋಡಿದಳು. "ಮನುಷ್ಯರ ಮಾತ್ರೆ ನಾಯಿ ಜೀವಾನೇ ತೆಗೆಯುತ್ತೆ ರೀ. ಔಷಧಿ ಅಂಗಡೀಲಿ ಕೆಲಸ ಮಾಡೋಳ ಗಂಡ ನೀವು!"

ಮಾರ್ಚ್ ೧೩, ಗುರುವಾರ

ಇವಳಿಗೆ ರಜೆ ಸಿಗಲಿಲ್ಲ. ಅತ್ತೆಗೆ ಮೆಟ್ಟಿಲು ಇಳಿಯಲು ಕಷ್ಟ. ಹಾಗಾಗಿ ನಾಯಿಯನ್ನು ಪಶುವೈದ್ಯೆಯ ಹತ್ತಿರ ಎತ್ತಿಕೊಂಡು ಹೋಗುವ ಭಾಗ್ಯ ನನ್ನದಾಯಿತು. ಅತ್ತೆ ಅದರ ತಲೆಗೆ ಕೆಂಪು ರಿಬ್ಬನ್ ಬೇರೆ ಕಟ್ಟಿದ್ದರು. ಬೀದಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಗಾರೆಯವನು ಎದುರಾದ. ನನ್ನನ್ನು ನೋಡಿದ, ರಿಬ್ಬನ್ ನೋಡಿದ. "ಏನಣ್ಣ, ಮಗಳಾ?" ಅಂದ. ನೆಲ ಬಾಯಿಬಿಟ್ಟರೆ ಒಳಗೆ ಇಳಿಯೋಣ ಅನ್ನಿಸಿತು.

ಡಾಕ್ಟರಮ್ಮ ಕಾಲನ್ನು ಹಿಡಿದು ಮೆಲ್ಲಗೆ ನೀಡಿ ಮಡಚಿ ನೋಡಿದರು. ಆಮೇಲೆ ನನ್ನ ಬೆರಳನ್ನು ತೆಗೆದುಕೊಂಡು ಅದರ ಮಂಡಿಯ ಮೇಲೆ ಇಟ್ಟರು. ಅಷ್ಟು ಕೂದಲಿನ ಕೆಳಗೆ, ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ಪು. ಅವರು ಒತ್ತಿದ್ದೇ ತಡ, ಬೆರಳಿನ ಕೆಳಗೇ ಅದು ಪಕ್ಕಕ್ಕೆ ಜಾರಿತು. ಕೈ ಎಳೆದುಕೊಂಡೆ.

"ಈ ಚಿಪ್ಪು ಕೂರೋದಕ್ಕೆ ಮೂಳೆಯಲ್ಲಿ ಒಂದು ಕಾಲುವೆ ಇರಬೇಕು. ಇವಳಿಗೆ ಅದು ಆಳ ಇಲ್ಲ" ಅಂದರು. "ಜಾರಿದಾಗ ಕಾಲು ಎತ್ತಿಕೊಳ್ತಾಳೆ. ಝಾಡಿಸಿದಾಗ ಚಿಪ್ಪು ವಾಪಸ್ಸು ಜಾಗಕ್ಕೆ ಬರುತ್ತೆ. ಸಣ್ಣ ಜಾತಿ ನಾಯಿಗಳಲ್ಲಿ ಇದು ಜಾಸ್ತಿ. ಹುಟ್ಟಿನಿಂದಲೇ ಬಂದಿರುತ್ತೆ, ಯಾರ ತಪ್ಪೂ ಅಲ್ಲ."

ಆ ಕೊನೆಯ ಮಾತು ಕೇಳಿ ನನಗೆ ನೆಮ್ಮದಿಯಾಯಿತು. ಯಾಕೆ ಆಗಬೇಕಿತ್ತೋ ಗೊತ್ತಿಲ್ಲ, ಆಯಿತು.

ಸದ್ಯಕ್ಕೆ ಆಪರೇಷನ್ ಬೇಡವಂತೆ. ತೂಕ ಇಳಿಸಬೇಕು, ಬಿಸ್ಕತ್ತು ಬಂದ್. ಮಂಚ ಸೋಫಾ ಹತ್ತಿ ಹಾರುವ ಹಾಗಿಲ್ಲ. ಕೊರಳ ಪಟ್ಟಿ ಹಿಡಿದು ದಿನಾ ನಿಧಾನಕ್ಕೆ ನಡೆಸಿದರೆ ತೊಡೆಯ ಸ್ನಾಯು ಗಟ್ಟಿಯಾಗಿ ಚಿಪ್ಪನ್ನು ಹಿಡಿದಿಡುತ್ತದೆ. ಪಾದದ ಕೆಳಗಿನ ಕೂದಲು ಕತ್ತರಿಸಬೇಕು.

"ಮನೇಲಿ ನೆಲ ಎಂಥದು?" ಅಂತ ಕೇಳಿದರು.

"ಮಾರ್ಬಲ್. ಕನ್ನಡಿ ಹಾಗಿದೆ" ಅಂದೆ. ಹೆಮ್ಮೆಯಿಂದಲೇ ಅಂದೆ.

"ಅದೇ ತೊಂದರೆ. ಇವಳು ಓಡಾಡೋ ಕಡೆಯೆಲ್ಲ ರಬ್ಬರ್ ಮ್ಯಾಟ್ ಹಾಕಿ."

ಮಾರ್ಚ್ ೧೫, ಶನಿವಾರ

ಮ್ಯಾಟ್ ಬಂತು. ಇವಳೇ ತಂದು ಹಾಲ್ ತುಂಬ ಹಾಸಿದಳು. ಕಪ್ಪು ಬಣ್ಣ, ಮೇಲೆ ಗುಬುಟು ಗುಬುಟು. ಮನೆ ಹೋಗಿ ಗ್ಯಾರೇಜ್ ಆಗಿದೆ. ನನ್ನ ನೆಲ ಅಂಚಿನಲ್ಲಿ ಅಷ್ಟಿಷ್ಟು ಇಣುಕುತ್ತಾ ಇದೆ. ಊಟಕ್ಕೆ ಗೋಡೆ ಕಡೆ ತಿರುಗಿ ಕೂತೆ. ನಾಯಿ ಮಾತ್ರ ಠೀವಿಯಿಂದ ಅತ್ತಿಂದಿತ್ತ ನಡೆಯಿತು.

ಮಾರ್ಚ್ ೨೧, ಶುಕ್ರವಾರ

ಹೊಸ ಹೋಟೆಲ್ ಕಟ್ಟಿಸುತ್ತಾ ಇರುವವರು ನಾಳೆ ಮನೆಗೆ ಬಂದು ನೆಲ ನೋಡುತ್ತಾರಂತೆ. ಅಷ್ಟು ದೊಡ್ಡ ಕೆಲಸ ನನಗೆ ಈವರೆಗೆ ಸಿಕ್ಕಿಲ್ಲ. ಬೆಳಿಗ್ಗೆ ಇವಳು ಅಂಗಡಿಗೆ ಹೋದ ಮೇಲೆ ಮ್ಯಾಟ್ ಎತ್ತಿಟ್ಟು, ಅವರು ಹೋದ ಮೇಲೆ ಮತ್ತೆ ಹಾಸಿದರಾಯಿತು. ಗಂಟೆ ಹೊತ್ತಿನ ಮಾತು. ಇವಳಿಗೆ ಹೇಳಿಲ್ಲ. ಹೇಳಿದರೆ ರಾದ್ಧಾಂತ.

ಮಾರ್ಚ್ ೨೨, ಶನಿವಾರ

ಇವತ್ತು ಬರೆಯುವುದಿಲ್ಲ.

ಮಾರ್ಚ್ ೨೩, ಭಾನುವಾರ

ಬರೆಯದಿದ್ದರೂ ತಲೆಯಿಂದ ಹೋಗುತ್ತಿಲ್ಲ. ನಿನ್ನೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮ್ಯಾಟ್‌ಗಳನ್ನು ಸುತ್ತಿ ಬಚ್ಚಲಲ್ಲಿ ನಿಲ್ಲಿಸಿದೆ. ಅತ್ತೆ ನೋಡುತ್ತಾ ಇದ್ದರು. "ಗುಬ್ಬಿನ ರೂಮಲ್ಲಿ ಇಟ್ಕೊಂಡು ಬಾಗಿಲು ಹಾಕ್ಕೊಳ್ಲಾ?" ಅಂತ ಅವರೇ ಕೇಳಿದರು. "ಹಾಗೇ ಮಾಡಿ ಅತ್ತೆ" ಅಂದೆ. ಹೋಟೆಲ್‌ನವರು ಬಂದರು, ಕೆಳಗೆ ನೋಡಿದರು, ತಲೆದೂಗಿದರು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. "ರೂಮ್ ನೋಡಿ ಸಾರ್, ಮೂಲೆ ಮೂಲೆಯಲ್ಲೂ ಒಂದೇ ಮೆರುಗು" ಅಂತ ನಾನೇ ಹೋಗಿ ಬಾಗಿಲು ತೆಗೆದೆ.

ಗುಬ್ಬಿ ಬಾಣದ ಹಾಗೆ ಹೊರಗೆ ಬಂತು. ಆಮೇಲೆ ನನ್ನ ಧ್ವನಿ ಗುರುತು ಹಿಡಿದು, ತಿರುಗಿ ನನ್ನ ಕಡೆಗೇ ಓಡಿ ಬಂತು. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು. ಹಿಂಗಾಲು ಮೈಯ ಕೆಳಗೆ ಸಿಕ್ಕಿಕೊಂಡಿತು. ಆ ಕೂಗನ್ನು ಬರೆಯಲಿಕ್ಕೆ ನನಗೆ ಬರುವುದಿಲ್ಲ.

"ಅಯ್ಯೋ, ಏನಾಯ್ತು ಅದಕ್ಕೆ?" ಅಂದರು ಹೋಟೆಲ್‌ನವರು.

"ಏನಿಲ್ಲ ಸಾರ್, ಅದು ಯಾವಾಗಲೂ ಹಾಗೇ. ಬರೀ ನಾಟಕ" ಅಂದೆ. ಅಂದು, ಮೆರುಗಿನ ವಿಷಯ ಮುಂದುವರಿಸಿದೆ. ಮಷೀನಿಗೆ ಕಟ್ಟುವ ಒರಟು ಕಲ್ಲಿನಿಂದ ಶುರು ಮಾಡಿ ನಯದ ಕಲ್ಲಿನವರೆಗೆ ಹೇಗೆ ಬರುತ್ತೇವೆ ಅಂತ ವಿವರಿಸಿದೆ. ಅದು ನನ್ನ ಪಾದದ ಹತ್ತಿರವೇ ಬಿದ್ದು ಕುಂಯ್‌ಗುಡುತ್ತಾ ಇತ್ತು.

ಆಗ ಅತ್ತೆ ಬಂದರು. ನಡೆದು ಬರಲಿಲ್ಲ. ಬಾಗಿಲ ಹತ್ತಿರ ಚೌಕಟ್ಟು ಹಿಡಿದುಕೊಂಡು ನೆಲದ ಮೇಲೆ ಕೂತರು. ಕೂತೇ, ಎರಡೂ ಕೈ ಊರಿಕೊಂಡು, ಸೀರೆ ಎಳೆದುಕೊಂಡು ಎಳೆದುಕೊಂಡು, ಅಷ್ಟು ದೂರ ತೆವಳಿಕೊಂಡು ಬಂದರು. ಅದನ್ನು ಮಡಿಲಿಗೆ ತೆಗೆದುಕೊಂಡರು. ಹೋಟೆಲ್‌ನವರು ಕಣ್ಣು ಬೇರೆ ಕಡೆ ತಿರುಗಿಸಿದರು.

ಆ ಕ್ಷಣ ನನಗೆ ಆದದ್ದು ನಾಚಿಕೆ. ಮಾಡಿದ್ದಕ್ಕಲ್ಲ. ದೊಡ್ಡವರ ಎದುರಿಗೆ ಅತ್ತೆ ಹೀಗೆ ನೆಲದ ಮೇಲೆ ತೆವಳಿದರಲ್ಲ, ಏನು ತಿಳಿದುಕೊಂಡಾರು ಅಂತ. ಇದನ್ನು ಬರೆದು ಎರಡು ಸಲ ಹೊಡೆದು ಹಾಕಿದೆ. ಮತ್ತೆ ಬರೆದಿದ್ದೇನೆ. ಆದದ್ದು ಅದೇ.

ಹೋಟೆಲ್‌ನವರು ಹೋದ ಮೇಲೆ ಮ್ಯಾಟ್ ಹಾಸಿದೆ. ಸಂಜೆ ಇವಳು ಬಂದು ಗುಬ್ಬಿಯನ್ನು ನೋಡಿ ಗಾಬರಿಯಾದಳು. ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಅತ್ತೆ ಹೇಳಿಬಿಟ್ಟರು. "ಮಂಚದಿಂದ ಹಾರಿಬಿಡ್ತು ಕಣೇ. ನಾನೇ ಮೇಲೆ ಕೂರಿಸ್ಕೊಂಡಿದ್ದೆ."

"ಎಷ್ಟು ಸಲ ಹೇಳಿದೀನಮ್ಮ ನಿಂಗೆ! ಡಾಕ್ಟರ್ ಅಷ್ಟು ಹೇಳಿ ಕಳಿಸಿದ್ರೂ..." ಅಂತ ಇವಳು ರೇಗಿದಳು. ಅತ್ತೆ ತಲೆ ತಗ್ಗಿಸಿ ಬೈಸಿಕೊಂಡರು.

ನಾನು ಅಲ್ಲೇ ಇದ್ದೆ. ನೀರು ಕುಡಿದೆ. ಊಟ ಮಾಡಿದೆ.

ಮಾರ್ಚ್ ೨೪, ಸೋಮವಾರ

ಎಕ್ಸ್‌ರೇ ಆಯಿತು. ಈ ಸಲ ಚಿಪ್ಪು ಪಕ್ಕಕ್ಕೆ ಹೋದದ್ದು ವಾಪಸ್ಸು ಬಂದಿಲ್ಲ. ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ಒಂದು ಕಟ್ಟೂ ಹರಿದಿದೆಯಂತೆ. ಆಪರೇಷನ್ ಮಾಡಲೇಬೇಕು.

"ಹೇಗೆ ಬಿದ್ದಳು?" ಅಂತ ಡಾಕ್ಟರಮ್ಮ ಕೇಳಿದರು.

"ಮಂಚದಿಂದ" ಅಂದೆ. ಅತ್ತೆಯ ಸುಳ್ಳನ್ನು ನನ್ನ ಬಾಯಲ್ಲೂ ಹೇಳಿದಂತಾಯಿತು.

ಮಾರ್ಚ್ ೨೭, ಗುರುವಾರ

ಆಪರೇಷನ್ ಆಯಿತು. ಕಾಲುವೆಯನ್ನು ಆಳ ಮಾಡಿ ಚಿಪ್ಪನ್ನು ಕೂರಿಸಿದ್ದಾರೆ, ಹರಿದ ಕಟ್ಟನ್ನೂ ಸರಿ ಮಾಡಿದ್ದಾರೆ. ಮೂಳೆಯನ್ನು ಕೊರೆಯುವ ಕೆಲಸ. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಒಳಗಿನಿಂದ ಸಣ್ಣ ಮಷೀನಿನ ಸದ್ದು ಬಂದ ಹಾಗಾಯಿತು. ದಿನಾ ಮಷೀನಿನ ಜೊತೆಗೇ ಬದುಕುವವನು ನಾನು. ಎದ್ದು ಬೀದಿಗೆ ಹೋಗಿ ನಿಂತೆ.

ತೊಡೆಯ ಕೂದಲೆಲ್ಲ ಬೋಳಿಸಿದ್ದಾರೆ. ಕೂದಲಿಲ್ಲದ ಆ ಕಾಲು ಕಡ್ಡಿಯ ಹಾಗಿದೆ. ಇಷ್ಟೇನಾ ಇವಳು ಅನ್ನಿಸಿತು. ಮನೆಗೆ ಬರುವಾಗ ನನ್ನ ಅಂಗಿಯೊಳಗೆ ಮೂತಿ ತೂರಿಸಿಕೊಂಡಳು. ದಾರಿಯಲ್ಲಿ ಯಾರು ಯಾರು ಸಿಕ್ಕರೋ ನೋಡಲಿಲ್ಲ.

ಏಪ್ರಿಲ್ ೧, ಮಂಗಳವಾರ

ಹೋಟೆಲ್‌ನವರ ಫೋನ್ ಬಂತು. ಕೆಲಸ ನನಗೇ ಅಂತೆ. ಇವಳಿಗೆ ಹೇಳಿದರೆ ಖುಷಿಪಟ್ಟಳು. "ಅಮ್ಮನಿಗೂ ಹೇಳಿ" ಅಂದಳು. ರೂಮಿಗೆ ಹೋದೆ. ಗುಬ್ಬಿಯನ್ನು ಸರಳಿನ ಒಂದು ಸಣ್ಣ ಕಟಕಟೆಯೊಳಗೆ ಮಲಗಿಸಿ ಅತ್ತೆ ಪಕ್ಕದಲ್ಲಿ ಕೂತಿದ್ದರು. ಕೆಲವು ವಾರ ಅವಳು ಅದರೊಳಗೇ ಇರಬೇಕು.

"ಕೆಲಸ ಸಿಕ್ಕಿತು ಅತ್ತೆ."

"ಒಳ್ಳೇದಾಯ್ತು ಅಳಿಯಂದ್ರೇ. ನಿಮ್ಮ ಕೈಕೆಲಸಕ್ಕೆ ಸಿಗದೇ ಇರುತ್ತಾ?"

ಚುಚ್ಚಿ ಹೇಳಿದ್ದರೆ ಹಗುರಾಗುತ್ತಿತ್ತು. ಅವರು ನಿಜವಾಗಿಯೇ ಹೇಳಿದರು. ನನಗೆ ಅವರ ಮುಖ ನೋಡಲು ಆಗಲಿಲ್ಲ. ಗುಬ್ಬಿ ಬಾಲ ಆಡಿಸಿದಳು. ಅವಳ ಮುಖವನ್ನೂ ನೋಡಲು ಆಗಲಿಲ್ಲ.

ಏಪ್ರಿಲ್ ೬, ಭಾನುವಾರ

ಹೇಳಿದೆ.

ಬೆಳಿಗ್ಗೆ ಟೀ ಕುಡಿಯುವಾಗ ಇವಳು ಮತ್ತೆ ಅಮ್ಮನ ಮೇಲೆ ಹರಿಹಾಯ್ದಳು. ಕಟಕಟೆಯ ಬಾಗಿಲಿನ ಚಿಲಕ ಸರಿಯಾಗಿ ಹಾಕಿಲ್ಲ ಅಂತ. "ಒಂದು ಸಲ ಬೀಳಿಸಿದ್ದು ಸಾಲದಾ ನಿಂಗೆ?" ಅಂದಳು. ಅತ್ತೆ "ಮರೆತೆ ಕಣೇ, ತಪ್ಪಾಯ್ತು" ಅಂದರು. ಚಿಲಕ ಹಾಕದೆ ಬಿಟ್ಟವನು ನಾನು. ಅದಕ್ಕೆ ಮುಂಚೆ ಸದ್ದಿಲ್ಲದೆ ಹೋಗಿ ಗುಬ್ಬಿಯ ಕಿವಿ ಕೆರೆದು ಬಂದಿದ್ದೆ.

"ಅವರಲ್ಲ" ಅಂದೆ. "ಇವತ್ತಿನದೂ ನಾನೇ, ಅವತ್ತಿನದೂ ನಾನೇ."

ಎಲ್ಲಾ ಹೇಳಿದೆ. ಮ್ಯಾಟ್ ಎತ್ತಿದ್ದು, ಬಾಗಿಲು ತೆಗೆದದ್ದು, ನಾಟಕ ಅಂದದ್ದು, ಅತ್ತೆ ತೆವಳಿಕೊಂಡು ಬಂದದ್ದು.

ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಅಮ್ಮನ ಕಡೆ ತಿರುಗಿದಳು. "ನೀನು ಯಾಕಮ್ಮ ಸುಳ್ಳು ಹೇಳ್ದೆ?"

ಅತ್ತೆ ಲೋಟದ ಅಂಚನ್ನು ಸೆರಗಿನಿಂದ ಒರೆಸುತ್ತಾ ಕೂತರು. ಆಮೇಲೆ ಅಂದರು, "ಇರೋದು ಅಳಿಯನ ಮನೇಲಿ. ಜೊತೇಲಿ ನಾಯೀನೂ ಕಟ್ಕೊಂಡು ಬಂದಿದೀನಿ. ನನ್ನಿಂದ ಜಗಳ ಆದ್ರೆ ನಾನು ಇದನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ?"

ಇವಳು ಎದ್ದು ಹೋಗಿ ಕಟಕಟೆಯ ಚಿಲಕ ಹಾಕಿ ಬಂದಳು.

ಆಮೇಲೆ ಇವಳು ನನಗೆ ಹೇಳಿದ್ದು ಇಷ್ಟೇ. "ಅಮ್ಮ ಯಾಕೆ ಗೋಡೆ ಹಿಡ್ಕೊಂಡು ನಡೀತಾಳೆ ಅಂತ ನಿಮಗೆ ಗೊತ್ತಾ? ಬಂದ ವಾರವೇ ಎರಡು ಸಲ ಜಾರಿದ್ಲು. ನಿಮಗೆ ಹೇಳಬೇಡ ಅಂದ್ಲು. ನಾನೂ ಹೇಳಲಿಲ್ಲ. ನಿಮಗೆ ಆ ನೆಲ ಅಂದ್ರೆ ಪ್ರಾಣ ಅಂತ."

ನಾನು ಆ ಗುರುತುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದೆ. ನನ್ನ ಸೈರಣೆಯನ್ನು ನಾನೇ ಮೆಚ್ಚಿಕೊಂಡಿದ್ದೆ.

ಏಪ್ರಿಲ್ ೮, ಮಂಗಳವಾರ

ಇವಳು ಮಾತಾಡುತ್ತಿಲ್ಲ. ಅನ್ನ ಬಡಿಸುತ್ತಾಳೆ, ಬೇಕಾ ಅಂತ ಕೇಳುವುದಿಲ್ಲ.

ಏಪ್ರಿಲ್ ೧೨, ಶನಿವಾರ

ಹೋಟೆಲ್ ಕೆಲಸ ಕೈಬಿಟ್ಟು ಹೋಯಿತು. ತಪ್ಪು ನನ್ನದೇ. ಅಳತೆ ತೆಗೆಯಲು ಹೋಗಿದ್ದೆ. ಬಾಗಿಲಿನಿಂದ ಒಳಗೆ ಬರುವ ಇಳಿಜಾರಿಗೂ, ಬಚ್ಚಲುಮನೆಗಳ ಮುಂದಕ್ಕೂ ಕನ್ನಡಿ ಮೆರುಗೇ ಬೇಕು ಅಂದರು. ನಾನು, "ಅಲ್ಲಿ ಬೇಡ ಸಾರ್. ವಯಸ್ಸಾದವರು ಬರ್ತಾರೆ, ಮಕ್ಕಳು ಬರ್ತಾರೆ. ಅಲ್ಲಿ ಒರಟು ಕಲ್ಲಿಗೇ ನಿಲ್ಲಿಸ್ತೀನಿ" ಅಂದೆ.

"ಬಿದ್ದರೆ ನಾವು ನೋಡ್ಕೊಳ್ತೀವಿ, ನಿಮಗ್ಯಾಕೆ ಅದು?" ಅಂದರು.

"ಬಿದ್ದ ಮೇಲೆ ನೋಡ್ಕೊಳ್ಳೋಕೆ ಏನಿರುತ್ತೆ ಸಾರ್?" ಅಂದುಬಿಟ್ಟೆ. ಬಾಯಿ ಜಾರಿತು. ಅವರ ಮುಖ ಕೆಂಪಾಯಿತು. ಬೇರೆಯವರಿಗೆ ಕೊಡುತ್ತಾರಂತೆ. ಇಷ್ಟು ವರ್ಷ ಗಿರಾಕಿ ಹೇಳಿದ್ದಕ್ಕೆ ಹೂಂ ಅಂದುಕೊಂಡು ಬಂದವನಿಗೆ ಇವತ್ತು ಏನು ಬಂದಿತ್ತೋ. ಮನೆಯಲ್ಲಿ ಹೇಳಲು ಮುಖವಿಲ್ಲ. ಆದರೂ ಹೇಳಿದೆ. ಇವಳು ಅನ್ನ ಬಡಿಸಿ ಸೌಟು ಎತ್ತಿದಳು. "ಸಾರು ಬೇಕಾ?" ಅಂದಳು.

ಏಪ್ರಿಲ್ ೨೦, ಭಾನುವಾರ

ಮಷೀನನ್ನು ಮನೆಗೆ ತಂದೆ. ಕೆಳಗಡೆ ಒರಟು ಕಲ್ಲು ಕಟ್ಟಿದೆ. ನೀರು ಹಾಕಿಕೊಂಡು ಹಾಲ್‌ನ ಮೂಲೆಯಿಂದ ಶುರು ಮಾಡಿದೆ. ಸಾಮಾನ್ಯವಾಗಿ ಈ ಕಲ್ಲಿನಿಂದ ಶುರು ಮಾಡಿ ಮೆರುಗಿನ ಕಡೆಗೆ ಹೋಗುವುದು ನಮ್ಮ ಕೆಲಸ. ಇವತ್ತು ಮೆರುಗಿನಿಂದ ಹಿಂದಕ್ಕೆ ಬಂದೆ. ಮೊದಲ ಸುತ್ತಿಗೇ ನೆಲ ಮಂಕಾಯಿತು, ಕಿಟಕಿಯ ಬೆಳಕು ಅದರಲ್ಲಿ ಅಳಿಸಿಹೋಯಿತು. ಕಲಿಯಲು ಎಷ್ಟು ವರ್ಷ ಬೇಕಾಗಿತ್ತು, ತೆಗೆಯಲು ಒಂದು ಬೆಳಿಗ್ಗೆ ಸಾಕಾಯಿತು.

ಸಂಕಟ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಯಿತು. ಗಾರೆಯವನು ಸಾಮಾನು ಕೇಳಲು ಬಂದವನು ಬಾಗಿಲಲ್ಲೇ ನಿಂತು, "ಅಣ್ಣ, ತಲೆ ಕೆಟ್ಟಿದೆಯಾ?" ಅಂದ. ಸುದ್ದಿ ಊರಿಗೆಲ್ಲ ಹಬ್ಬುತ್ತದೆ. ಇನ್ನು ಮೇಲೆ ಗಿರಾಕಿಗಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದೋ.

ಇವಳು ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು ಕೆಸರು ನೀರನ್ನು ಬಾಗಿಲ ಕಡೆಗೆ ತಳ್ಳಿದಳು. ನಾನು ಕರೆದಿರಲಿಲ್ಲ. ಕೆಲಸ ಮುಗಿಯುವವರೆಗೂ ಪಕ್ಕದಲ್ಲೇ ಇದ್ದಳು.

ಏಪ್ರಿಲ್ ೨೯, ಮಂಗಳವಾರ

ಪಟ್ಟಿ ಹಿಡಿದು ಗುಬ್ಬಿಯನ್ನು ಬೀದಿಯ ತಿರುವಿನವರೆಗೆ ನಡೆಸಿದೆ. ನಿಧಾನವಾಗಿ ನಡೆದರೆ ಆ ಕಾಲನ್ನೂ ಊರುತ್ತಾಳೆ. ನಾನು ಬೇಗ ಹೆಜ್ಜೆ ಹಾಕಿದರೆ ಎತ್ತಿಕೊಂಡುಬಿಡುತ್ತಾಳೆ. ಹಾಗಾಗಿ ಅವಳ ಲೆಕ್ಕಕ್ಕೇ ನಡೆದೆ. ತಿರುವಿನಲ್ಲಿರುವ ದರ್ಜಿ, "ಅದಕ್ಕೇನಾಯ್ತು ಕಾಲಿಗೆ?" ಅಂತ ಕೇಳಿದ.

"ನನ್ನ ಮನೆ ನೆಲದ ಮೇಲೆ ಜಾರಿದಳು" ಅಂದೆ. ಅವನು "ಛೆ" ಅಂದು ಮತ್ತೆ ಮಷೀನ್ ತುಳಿಯತೊಡಗಿದ. ಕಿವಿ ಬಿಸಿಯಾಯಿತು. ಆದರೂ ಮಂಚ ಅನ್ನಲಿಲ್ಲ.

ಮೇ ೧೧, ಭಾನುವಾರ

ನಿನ್ನೆ ಡಾಕ್ಟರಮ್ಮ ನೋಡಿದರು. ಹೇಗೆ ಬಿದ್ದಳು ಅನ್ನುವುದನ್ನು ಅವರಿಗೂ ಸರಿಯಾಗಿ ಹೇಳಿದೆ. ಅವರು ಕತ್ತೆತ್ತಿ ಒಂದು ಸಲ ನನ್ನನ್ನು ನೋಡಿ, ಮತ್ತೆ ಕಾಲನ್ನು ನೋಡತೊಡಗಿದರು. ಚಿಪ್ಪು ಜಾಗದಲ್ಲೇ ಕೂತಿದೆ. ತೂಕ ಇಳಿದಿದೆ. ಇನ್ನೊಂದು ಕಾಲಿನ ಚಿಪ್ಪೂ ಸಡಿಲವಿದೆ, ಅದಕ್ಕೂ ಹೀಗೇ ಜೋಪಾನ ಬೇಕು. "ವಾಸಿಯಾಯ್ತು ಅಂತ ಹೇಳೋಲ್ಲ ನಾನು. ಇದು ಇವಳು ಇರೋವರೆಗೂ ನೋಡ್ಕೊಳ್ಳೋ ಕೆಲಸ" ಅಂದರು. ಕಾಲನ್ನು ಮಡಚಿ ಬಿಡಿಸುವ ವ್ಯಾಯಾಮ ತೋರಿಸಿಕೊಟ್ಟರು.

ಇವತ್ತು ಅದನ್ನು ಮಾಡಿಸೋಣ ಅಂತ ಹಾಲ್‌ನಲ್ಲಿ ಗುಬ್ಬಿಯನ್ನು ಮಲಗಿಸಿಕೊಂಡು ಕೂತಿದ್ದೆ. ಚೆನ್ನಾಗಿಯೇ ಮಾಡಿಸುತ್ತಾ ಇದ್ದೆ ಅಂತ ನನ್ನ ಅನಿಸಿಕೆ. ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದರು.

"ಬಿಡೋ ಆ ಕಾಲನ್ನ! ಅದೇನು ನಿನ್ನ ಮಷೀನಿನ ಹಿಡಿಕೆ ಅಂದ್ಕೊಂಡ್ಯಾ? ಹಾಗಾ ತಿರುವೋದು?"

ನಾನು ಬೆಚ್ಚಿ ಕೈ ತೆಗೆದೆ. "ಡಾಕ್ಟರ್ ಹೀಗೇ ತೋರಿಸಿದ್ರು ಅತ್ತೆ..."

"ಡಾಕ್ಟರ್ ತೋರಿಸಿದ್ದು ಒಂದು, ನೀನು ಮಾಡ್ತಿರೋದು ಇನ್ನೊಂದು. ಸರಿ ಆಚೆ. ಸೌಟು ಹಿಡ್ಕೋ."

ಬಾಗಿಲ ಹಿಂದೆ ಇವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾ ಇದ್ದಳು. ನನ್ನ ಮನೆಯಲ್ಲಿ ನನ್ನನ್ನು ಯಾರೂ ಹೀಗೆ ಗದರಿಸಿದ್ದು ನೆನಪಿಲ್ಲ. ಅವಮಾನ ಆಗಬೇಕಾಗಿತ್ತು, ಆಗಲಿಲ್ಲ. ಅತ್ತೆ ನನ್ನನ್ನು ಪಕ್ಕಕ್ಕೆ ನೂಕಿ ಹಾಲ್‌ನ ನಡುಮಧ್ಯೆ ಕಾಲು ಚಾಚಿ ಕೂತರು. ಒಂದು ಬೆರಳನ್ನು ಚಿಪ್ಪಿನ ಮೇಲೆ ಇಟ್ಟು, ಇನ್ನೊಂದು ಕೈಯಿಂದ ಪಾದವನ್ನು ಹಿಡಿದು, ಮೆಲ್ಲಗೆ ಮಡಚಿ ಬಿಟ್ಟರು. ಗುಬ್ಬಿ ಕಣ್ಣು ಮುಚ್ಚಿಕೊಂಡಳು.

"ಸುಮ್ನೆ ಕೂತ್ಕೊಂಡು ನೋಡು. ನಾಳೆ ನೀನೇ ಮಾಡಿಸ್ಬೇಕು, ನಂಗೆ ಬೇರೆ ಕೆಲಸ ಇದೆ" ಅಂದರು.

ಸೌಟು ಹಿಡಿದುಕೊಂಡು ಕೂತೆ. ಸಾರು ಸ್ವಲ್ಪ ಸೀದು ಹೋಯಿತು, ಅದಕ್ಕೂ ಬೈದರು.